ರಿಪೋರ್ಟಿನಲ್ಲಿ ಸಾಯುವ ಬ್ಯಾಕ್ಟೀರಿಯಾ ದೇಹದಲ್ಲಿ ಯಾಕೆ ಸಾಯುವುದಿಲ್ಲ?

(ನಮ್ಮ ಊರಿನ ಗ್ರಂಥಾಲಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನಿಮ್ಮ ಮೂತ್ರ, ಕಫ, ಕೀವು, ರಕ್ತ ಎಲ್ಲ ನಮ್ಮ ಹತ್ತಿರ ಬರುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ನಾವು ಬೆಳೆಸುತ್ತೇವೆ. ಯಾವ ಔಷಧಕ್ಕೆ ಅದು ಬಗ್ಗುತ್ತದೆ ಅಂತ ನೋಡಿ ಒಂದು ಹಾಳೆ ಬರೆದು ಕೊಡುತ್ತೇವೆ. ಕಲ್ಚರ್ ರಿಪೋರ್ಟ್ ಅಂತ ನೀವು ಕರೆಯುವುದು ಅದನ್ನೇ. ಔಷಧದ ಹೆಸರಿನ ಮುಂದೆ ‘ಎಸ್’ ಅಂತ ಇದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುತ್ತದೆ. ‘ಆರ್’ ಅಂತ ಇದ್ದರೆ ಬಗ್ಗುವುದಿಲ್ಲ.

ಆ ಹಾಳೆ ಹಿಡಿದುಕೊಂಡು ಲ್ಯಾಬಿನ ಕಿಟಕಿ ಹತ್ತಿರ ಬರುವವರು ಇದ್ದಾರೆ. ‘ಮೇಡಂ, ನೀವು ಎಸ್ ಅಂತ ಬರೆದಿದ್ರಿ. ಡಾಕ್ಟ್ರು ಅದೇ ಔಷಧ ಕೊಟ್ರು. ಜ್ವರ ಬಿಡ್ತು. ಔಷಧ ನಿಂತ ಮೇಲೆ ಮತ್ತೆ ಬಂತು. ಮತ್ತೆ ಟೆಸ್ಟ್ ಮಾಡಿಸಿದ್ರೆ ಅದೇ ಬ್ಯಾಕ್ಟೀರಿಯಾ, ಅದೇ ಎಸ್. ರಿಪೋರ್ಟ್ ತಪ್ಪಾ, ಇಲ್ಲ ಔಷಧವೇ ನಕಲಿಯಾ?’

ಬಹಳ ಸಲ ಎರಡೂ ಅಲ್ಲ. ರಿಪೋರ್ಟೂ ಸರಿ, ಔಷಧವೂ ಸರಿ. ಆದರೆ ನಾವು ಲ್ಯಾಬಿನಲ್ಲಿ ಪರೀಕ್ಷೆ ಮಾಡುವ ಬ್ಯಾಕ್ಟೀರಿಯಾ ಬದುಕುವ ರೀತಿಯೇ ಬೇರೆ, ನಿಮ್ಮ ದೇಹದಲ್ಲಿರುವುದು ಬದುಕುವ ರೀತಿಯೇ ಬೇರೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ. ಸೋಂಕು ಮರಳಿ ಮರಳಿ ಬರುತ್ತಿದ್ದರೆ ‘ಇನ್ನೂ ಸ್ಟ್ರಾಂಗ್ ಔಷಧ ಯಾವುದಿದೆ?’ ಅಂತ ಕೇಳುವ ಮುಂಚೆ ‘ಅದು ಎಲ್ಲಿ ಅಂಟಿಕೊಂಡು ಕೂತಿದೆ?’ ಅಂತ ಕೇಳಬೇಕು.

ಇಲ್ಲಿ ಎರಡು ಗಾಜಿನ ಟ್ಯೂಬ್ ತಂದಿದ್ದೇನೆ. ಹತ್ತಿರ ಬಂದು ನೋಡಿ. ಎರಡರಲ್ಲೂ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಅನ್ನುವ ಬ್ಯಾಕ್ಟೀರಿಯಾವನ್ನು ದ್ರವ ಆಹಾರದಲ್ಲಿ ಒಂದು ರಾತ್ರಿ ಬೆಳೆಸಿದ್ದೆವು. ಇದು ನಮ್ಮೆಲ್ಲರ ಚರ್ಮದ ಮೇಲೂ ಇರುವ ಸಾಧು ಜೀವಿ. ಎರಡು ಟ್ಯೂಬಿನಲ್ಲಿ ಎರಡು ತಳಿ, ಅಷ್ಟೇ ವ್ಯತ್ಯಾಸ. ಬೆಳಿಗ್ಗೆ ಎರಡೂ ಒಂದೇ ಥರ ಕದಡಿದ ನೀರಿನ ಹಾಗೆ ಕಾಣುತ್ತಿದ್ದವು. ದ್ರವವನ್ನು ಚೆಲ್ಲಿ, ತೊಳೆದು, ನೇರಳೆ ಬಣ್ಣ ಹಾಕಿ ಮತ್ತೆ ತೊಳೆದೆವು. ಮೊದಲ ಟ್ಯೂಬ್ ಪೂರ್ತಿ ಸ್ವಚ್ಛವಾಗಿದೆ, ಬಣ್ಣವೆಲ್ಲ ಹೊರಟುಹೋಗಿದೆ. ಎರಡನೆಯದರ ಒಳಗೋಡೆಗೆ ತಳದಿಂದ ಮೇಲಿನವರೆಗೆ ಗಾಢ ನೇರಳೆ ಪದರ ಅಂಟಿದೆ. ಎಷ್ಟು ತೊಳೆದರೂ ಬರಲಿಲ್ಲ. ಆ ಪದರವೇ ಬಯೋಫಿಲ್ಮ್. ಈ ಸರಳ ಪರೀಕ್ಷೆಯನ್ನು 1982ರಲ್ಲಿ ಕ್ರಿಸ್ಟೆನ್ಸನ್ ಮತ್ತು ಅವರ ಜೊತೆಗಾರರು ಪ್ರಕಟಿಸಿದರು. ರೋಗಿಗಳ ರಕ್ತನಾಳಕ್ಕೆ ಹಾಕಿದ ಕೊಳವೆಗಳಿಂದ ಸೋಂಕು ಯಾಕೆ ಬರುತ್ತಿದೆ ಅಂತ ಹುಡುಕುತ್ತಾ ಅವರು ಇಲ್ಲಿಗೆ ತಲುಪಿದ್ದರು.

ಬಯೋಫಿಲ್ಮ್ ನಿಮಗೆ ಹೊಸದಲ್ಲ, ಹೆಸರಷ್ಟೇ ಹೊಸದು. ಸಂಪಿನ ಗೋಡೆ ಸವರಿದರೆ ಕೈಗೆ ಸಿಗುವ ಲೋಳೆ, ಬಚ್ಚಲ ಜಾಲರಿಯ ಜಿಗುಟು, ಹೊಳೆಯ ಕಲ್ಲಿನ ಜಾರಿಕೆ, ಬೆಳಿಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ತಗಲುವ ಪದರ ಇವೆಲ್ಲ ಬಯೋಫಿಲ್ಮೇ. ಬ್ಯಾಕ್ಟೀರಿಯಾಗಳು ಒಂದು ಮೇಲ್ಮೈಗೆ ಅಂಟಿಕೊಳ್ಳುತ್ತವೆ. ತಾವೇ ಸ್ರವಿಸಿದ ಲೋಳೆಯನ್ನು ಸುತ್ತ ಹೊದ್ದುಕೊಂಡು ಗುಂಪಾಗಿ ಬದುಕುತ್ತವೆ. ಭೂಮಿಯ ಮೇಲೆ ಬ್ಯಾಕ್ಟೀರಿಯಾ ಜಾಸ್ತಿ ಬದುಕುವುದು ಹೀಗೇ.

ಇದನ್ನು ಮೊದಲು ನೋಡಿದ ಮನುಷ್ಯ ತನ್ನ ಹಲ್ಲಿನಲ್ಲೇ ನೋಡಿದ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೀವೆನ್‌ಹೋಕ್. ದಿನಾ ಉಪ್ಪಿನಿಂದ ಹಲ್ಲುಜ್ಜುತ್ತಿದ್ದರೂ ದವಡೆ ಹಲ್ಲುಗಳ ಸಂದಿಯಲ್ಲಿ ಬಿಳಿ ಪದಾರ್ಥ ಕಟ್ಟುತ್ತಿತ್ತು. ಅದನ್ನು ಕೆರೆದು, ಮಳೆ ನೀರಲ್ಲಿ ಕಲಸಿ, ತಾನೇ ಮಾಡಿಕೊಂಡ ಮಸೂರದ ಕೆಳಗೆ ಇಟ್ಟು ನೋಡಿದ. ಓಡಾಡುವ ಪುಟ್ಟ ಜೀವಿಗಳು ಕಂಡವು. 1683ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅವನ ಇನ್ನೊಂದು ಮಾತು ನನಗೆ ಬಹಳ ಮುಖ್ಯ. ವಿನೆಗರ್ ಹಾಕಿ ಬಾಯಿ ಮುಕ್ಕಳಿಸಿದರೆ ಆ ಬಿಳಿ ಪದಾರ್ಥದ ಹೊರಗಿದ್ದ ಜೀವಿಗಳು ಮಾತ್ರ ಸತ್ತವು, ಒಳಗಿದ್ದವು ಸಾಯಲಿಲ್ಲ ಅಂತ ಅವನು ಗಮನಿಸಿದ್ದ. ಪೆನಿಸಿಲಿನ್ ಬರುವುದಕ್ಕೆ ಎರಡೂವರೆ ಶತಮಾನ ಮೊದಲೇ ಈ ಸಮಸ್ಯೆಯ ತಿರುಳು ಅವನ ಕಣ್ಣಿಗೆ ಬಿದ್ದಿತ್ತು.

ಆಮೇಲೆ ನಾವು ಅದನ್ನು ಮರೆತೆವು. ಅದಕ್ಕೆ ಕಾರಣವೂ ಇದೆ. 1880ರ ದಶಕದಲ್ಲಿ ರಾಬರ್ಟ್ ಕಾಕ್ ಮತ್ತು ಅವನ ಬಳಗ ಒಂದೊಂದು ಬ್ಯಾಕ್ಟೀರಿಯಾವನ್ನು ಬೇರೆ ಮಾಡಿ ಶುದ್ಧವಾಗಿ ಬೆಳೆಸುವ ವಿಧಾನ ಕಂಡುಹಿಡಿದರು. ಕ್ಷಯ, ಕಾಲರಾದ ಕಾರಣ ಗೊತ್ತಾಯಿತು. ಅದು ದೊಡ್ಡ ಗೆಲುವು. ಇವತ್ತಿಗೂ ನನ್ನ ದಿನದ ಕೆಲಸ ಆ ವಿಧಾನದ ಮೇಲೇ ನಿಂತಿದೆ. ಆದರೆ ಪೌಷ್ಟಿಕ ಆಹಾರದಲ್ಲಿ ಒಂಟಿಯಾಗಿ, ಬೇಗ ಬೇಗ ಬೆಳೆಯುವ ಬ್ಯಾಕ್ಟೀರಿಯಾವೇ ಬ್ಯಾಕ್ಟೀರಿಯಾದ ನಿಜ ರೂಪ ಅಂತ ನಾವು ನಂಬಿಬಿಟ್ಟೆವು. ಅಮೆರಿಕದ ಆರ್ಥರ್ ಹೆನ್ರಿಸಿ 1933ರಲ್ಲೇ ನೀರಿನಲ್ಲಿ ಗಾಜಿನ ಸ್ಲೈಡ್ ಮುಳುಗಿಸಿಟ್ಟು, ಬ್ಯಾಕ್ಟೀರಿಯಾ ಅದಕ್ಕೆ ಅಂಟಿ ಬೆಳೆಯುವುದನ್ನು ತೋರಿಸಿದ್ದರು. ಆಸ್ಪತ್ರೆಯವರಿಗೆ ಅದು ಕೆರೆಯ ವಿಷಯ ಅನ್ನಿಸಿತೋ ಏನೋ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಣ್ಣು ತೆರೆಸಿದವರಲ್ಲಿ ಬಿಲ್ ಕಾಸ್ಟರ್ಟನ್ ಮುಖ್ಯರು. ಕೆನಡಾದವರು. 1960ರ ದಶಕದ ಆರಂಭದಲ್ಲಿ ಪಂಜಾಬಿನ ಬಟಾಲಾದ ಕಾಲೇಜಿನಲ್ಲಿ ಪಾಠ ಮಾಡಿದ್ದವರು. ಬೆಟ್ಟದ ತೊರೆಗಳಲ್ಲಿ ಬ್ಯಾಕ್ಟೀರಿಯಾ ಎಣಿಸಿದಾಗ ಹರಿಯುವ ನೀರಿಗಿಂತ ಕಲ್ಲಿನ ಲೋಳೆಯಲ್ಲಿ ಸಾವಿರ ಪಟ್ಟಿಗೂ ಜಾಸ್ತಿ ಸಿಕ್ಕವು. ಬ್ಯಾಕ್ಟೀರಿಯಾ ಹೇಗೆ ಅಂಟಿಕೊಳ್ಳುತ್ತದೆ ಅಂತ 1978ರಲ್ಲಿ ಅವರು ಮತ್ತು ಜೊತೆಗಾರರು ಸಾಮಾನ್ಯ ಓದುಗರಿಗೂ ತಿಳಿಯುವ ಹಾಗೆ ಬರೆದರು. 1982ರಲ್ಲಿ ಅದೇ ತೊರೆಯ ಕಥೆ ಒಬ್ಬ ರೋಗಿಯ ಎದೆಯೊಳಗೆ ಕಂಡಿತು. ಪೇಸ್‌ಮೇಕರ್ ಹಾಕಿಸಿಕೊಂಡಿದ್ದವರೊಬ್ಬರ ರಕ್ತದಲ್ಲಿ ಸ್ಟ್ಯಾಫಿಲೋಕಾಕಸ್ ಸೋಂಕು. ಔಷಧ ಕೊಟ್ಟರೆ ಹೋಗುತ್ತಿತ್ತು, ನಿಲ್ಲಿಸಿದರೆ ಬರುತ್ತಿತ್ತು. ಕೊನೆಗೆ ಪೇಸ್‌ಮೇಕರಿನ ತಂತಿ ಹೊರಗೆ ತೆಗೆದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರು. ತಂತಿಯ ಮೇಲೆ ಲೋಳೆಯಲ್ಲಿ ಹುದುಗಿದ ಬ್ಯಾಕ್ಟೀರಿಯಾದ ದಪ್ಪ ಪದರ! ಅಷ್ಟು ಔಷಧ ಕುಡಿದ ಮೇಲೂ ಅವು ಹಾಗೇ ಕೂತಿದ್ದವು.

ಇದೇ ಹೊತ್ತಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಹಾಯ್ಬಿ ಎಂಬ ವೈದ್ಯರು ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಹುಟ್ಟು ಕಾಯಿಲೆ) ಇರುವ ಮಕ್ಕಳ ಕಫದಲ್ಲಿ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಗಡ್ಡೆ ಗಡ್ಡೆಯಾಗಿ ಇರುವುದನ್ನು ಗಮನಿಸಿದ್ದರು. ಹೊರಗಿನಿಂದ ಹಾಕಿದ ತಂತಿ, ಕೊಳವೆ ಇಲ್ಲದೆಯೂ ಬಯೋಫಿಲ್ಮ್ ಕಟ್ಟಬಹುದು ಅಂತ ಅಲ್ಲಿಂದ ಗೊತ್ತಾಯಿತು.

ಈಗ ಅದು ಕಟ್ಟುವ ಬಗೆ ನೋಡೋಣ. ದೇಹದೊಳಗೆ ಒಂದು ಕೊಳವೆಯನ್ನೋ ಲೋಹದ ತುಂಡನ್ನೋ ಇಟ್ಟ ಕೂಡಲೇ ರಕ್ತದ ಪ್ರೋಟೀನುಗಳು ಅದರ ಮೇಲೆ ಕೂರುತ್ತವೆ. ಬರೀ ಪ್ಲಾಸ್ಟಿಕ್ ಪ್ಲಾಸ್ಟಿಕ್ಕಾಗಿ ಉಳಿಯುವುದಿಲ್ಲ. ಸ್ಟ್ಯಾಫಿಲೋಕಾಕಸ್‌ನ ಮೈಮೇಲೆ ಆ ಪ್ರೋಟೀನುಗಳನ್ನು ಹಿಡಿಯುವ ಕೊಂಡಿಗಳು ಇವೆ. ಮೊದಲ ಹಿಡಿತ ಸಡಿಲ, ಬಿಟ್ಟು ಹೋಗಲೂಬಹುದು. ಹಿಡಿತ ಗಟ್ಟಿಯಾದ ಮೇಲೆ ಬ್ಯಾಕ್ಟೀರಿಯಾ ತನ್ನ ಬದುಕನ್ನೇ ಬದಲಿಸುತ್ತದೆ. ಓಡಾಡುವ ಬಾಲವನ್ನು ಕೈಬಿಡುವ ಜಾತಿಗಳಿವೆ. ಲೋಳೆ ತಯಾರಿಸುವ ಜೀನುಗಳು ಎಚ್ಚರಗೊಳ್ಳುತ್ತವೆ. ಆ ಲೋಳೆಯಲ್ಲಿ ಸಕ್ಕರೆಯ ಉದ್ದ ಸರಪಳಿಗಳು, ಪ್ರೋಟೀನು, ಸತ್ತ ಬ್ಯಾಕ್ಟೀರಿಯಾ ಬಿಟ್ಟುಹೋದ ಡಿಎನ್‌ಎ ಕೂಡ ಇರುತ್ತದೆ. ಡಿಎನ್‌ಎ ಅಂದರೆ ಅನುವಂಶಿಕ ಮಾಹಿತಿ ಮಾತ್ರ ಅಂತ ಓದಿದ್ದೇವೆ ಅಲ್ವಾ? ಇಲ್ಲಿ ಅದು ಕಟ್ಟಡದ ಸಾಮಗ್ರಿ. ಅದನ್ನು ಕತ್ತರಿಸುವ ಕಿಣ್ವ ಹಾಕಿದರೆ ಎಳೆಯ ಬಯೋಫಿಲ್ಮ್ ಕರಗುತ್ತದೆ ಅಂತ 2002ರಲ್ಲಿ ತೋರಿಸಿದರು. ಬಲಿತದ್ದು ಹಾಗೆ ಸುಲಭಕ್ಕೆ ಕರಗುವುದಿಲ್ಲ.

ಗುಂಪು ಬೆಳೆದಂತೆ ಅವು ಒಂದಕ್ಕೊಂದು ರಾಸಾಯನಿಕ ಸಂಕೇತ ಕಳಿಸುತ್ತವೆ. ಸಂಕೇತ ಸಾಕಷ್ಟು ಜಮಾ ಆದಾಗ ‘ನಾವೀಗ ಬಹಳ ಜನ ಇದ್ದೇವೆ’ ಅಂತ ಅವಕ್ಕೆ ಗೊತ್ತಾಗುತ್ತದೆ. ಎಲ್ಲವೂ ಒಟ್ಟಿಗೆ ವರ್ತನೆ ಬದಲಿಸುತ್ತವೆ. ಕೊನೆಗೆ ಬಲಿತ ಪದರದಿಂದ ಕೆಲವು ಕಳಚಿಕೊಂಡು ಹರಿವಿಗೆ ಬೀಳುತ್ತವೆ. ರೋಗಿಗೆ ಚಳಿ ಜ್ವರ ಬರುವುದು ಬಹುಮಟ್ಟಿಗೆ ಆಗ. ನಮ್ಮ ಲ್ಯಾಬಿಗೆ ಬರುವ ರಕ್ತದಲ್ಲಿ ಸಿಗುವುದೂ ಹೀಗೆ ಕಳಚಿಕೊಂಡು ತೇಲುವ ಬ್ಯಾಕ್ಟೀರಿಯಾವೇ. ಅವು ಔಷಧಕ್ಕೆ ಬಗ್ಗುತ್ತವೆ, ನಾವು ಎಸ್ ಅಂತ ಬರೆಯುತ್ತೇವೆ. ಅವು ಹೊರಟ ಜಾಗದಲ್ಲಿ ಉಳಿದವು ನಮ್ಮ ಕೈಗೆ ಸಿಗುವುದೇ ಇಲ್ಲ.

ಉಳಿದವು ಯಾಕೆ ಸಾಯುವುದಿಲ್ಲ? ಲೋಳೆ ಔಷಧವನ್ನು ಒಳಗೆ ಬಿಡುವುದಿಲ್ಲ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಅದು ಅರ್ಧ ಮಾತ್ರ ಸತ್ಯ. ಜೆಂಟಾಮೈಸಿನ್ ಜಾತಿಯ ಔಷಧಗಳಿಗೆ ಧನ ವಿದ್ಯುದಂಶ ಇರುತ್ತದೆ. ಸ್ಯೂಡೋಮೊನಾಸ್‌ನ ಲೋಳೆಗೆ ಋಣ ವಿದ್ಯುದಂಶ. ಹಾಗಾಗಿ ಅವು ಲೋಳೆಗೆ ಸಿಕ್ಕಿಕೊಂಡು ತಡವಾಗುತ್ತವೆ. ಆದರೆ ಸಿಪ್ರೋಫ್ಲಾಕ್ಸಸಿನ್‌ನಂಥ ಔಷಧ ಸಲೀಸಾಗಿ ಒಳಗೆ ಹೋಗುತ್ತದೆ. ಹೋದರೂ ಎಲ್ಲವನ್ನೂ ಕೊಲ್ಲಲಾಗುವುದಿಲ್ಲ.

ಆಳದಲ್ಲಿ ಕೂತ ಬ್ಯಾಕ್ಟೀರಿಯಾಗೆ ಆಹಾರ ಕಡಿಮೆ, ಆಮ್ಲಜನಕ ಕಡಿಮೆ. ಮೇಲಿನವು ಎಲ್ಲ ತಿಂದು ಮುಗಿಸಿರುತ್ತವೆ. ಹಾಗಾಗಿ ಅವು ನಿಧಾನವಾಗುತ್ತವೆ, ಬೆಳೆಯುವುದನ್ನೇ ನಿಲ್ಲಿಸುತ್ತವೆ. ನಮ್ಮ ಔಷಧಗಳಲ್ಲಿ ಬಹಳಷ್ಟು ಬೆಳೆಯುವ ಬ್ಯಾಕ್ಟೀರಿಯಾವನ್ನೇ ಗುರಿ ಮಾಡುತ್ತವೆ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಕೋಶದ ಗೋಡೆ ಕಟ್ಟುವಾಗ. ಗೋಡೆ ಕಟ್ಟುವುದನ್ನೇ ನಿಲ್ಲಿಸಿದ ಜೀವಿಗೆ ಪೆನಿಸಿಲಿನ್ ಏನು ಮಾಡೀತು?

1944ರಲ್ಲಿ ಜೋಸೆಫ್ ಬಿಗ್ಗರ್ ಎಂಬ ಐರಿಷ್ ವೈದ್ಯರು ಇನ್ನೊಂದು ವಿಷಯ ಕಂಡಿದ್ದರು. ಪೆನಿಸಿಲಿನ್ ಆಗಷ್ಟೇ ಬಂದಿತ್ತು, ಎಲ್ಲರಿಗೂ ಅದರ ಮೇಲೆ ಅಪಾರ ಭರವಸೆ. ಸ್ಟ್ಯಾಫಿಲೋಕಾಕಸ್‌ಗೆ ಎಷ್ಟೇ ಪೆನಿಸಿಲಿನ್ ಹಾಕಿದರೂ ಸುಮಾರು 10 ಲಕ್ಷಕ್ಕೆ ಒಂದರಂತೆ ಉಳಿದುಬಿಡುತ್ತಿದ್ದವು. ಉಳಿದವನ್ನು ಬೆಳೆಸಿ ಅವುಗಳ ಮರಿಗಳಿಗೆ ಪೆನಿಸಿಲಿನ್ ಹಾಕಿದರೆ ಮರಿಗಳು ಸಾಯುತ್ತಿದ್ದವು. ಅಂದರೆ ಉಳಿದವು ಔಷಧವನ್ನು ಸೋಲಿಸಲು ಕಲಿತಿರಲಿಲ್ಲ, ಸುಮ್ನೆ ನಿದ್ದೆಯಲ್ಲಿದ್ದವು. ಬಯೋಫಿಲ್ಮಿನಲ್ಲಿ ಇಂಥ ನಿದ್ದೆಯ ಕೋಶಗಳಿಗೆ ಲೋಳೆಯ ರಕ್ಷಣೆಯೂ ಸಿಗುತ್ತದೆ. ರಕ್ತದ ಬಿಳಿ ಕಣಗಳು ಬಂದರೂ ಅಷ್ಟು ದೊಡ್ಡ ಗಂಟನ್ನು ನುಂಗಲಾಗುವುದಿಲ್ಲ. ತಮ್ಮ ಕಿಣ್ವಗಳನ್ನು ಅಲ್ಲೇ ಚೆಲ್ಲುತ್ತವೆ, ಅದರಿಂದ ಪಕ್ಕದ ನಮ್ಮದೇ ಮಾಂಸಕ್ಕೆ ಪೆಟ್ಟಾಗುತ್ತದೆ. ಇದೆಲ್ಲ ಸೇರಿ, ತೇಲುವ ಬ್ಯಾಕ್ಟೀರಿಯಾವನ್ನು ಕೊಲ್ಲುವ ಪ್ರಮಾಣಕ್ಕಿಂತ ಬಯೋಫಿಲ್ಮನ್ನು ಕೊಲ್ಲಲು ನೂರು ಪಟ್ಟು, ಕೆಲವೊಮ್ಮೆ 1000 ಪಟ್ಟು ಔಷಧ ಬೇಕಾಗುತ್ತದೆ. ಅಷ್ಟು ಔಷಧವನ್ನು ಮನುಷ್ಯನ ದೇಹ ತಡೆಯುವುದಿಲ್ಲ.

ಆದರೆ ಒಂದು ಮಾತು ನೆನಪಿಡಿ. ಇದು ಪತ್ರಿಕೆಗಳಲ್ಲಿ ಓದುವ ಔಷಧ ಪ್ರತಿರೋಧಕ್ಕಿಂತ ಬೇರೆ. ಅಲ್ಲಿ ಬ್ಯಾಕ್ಟೀರಿಯಾ ಔಷಧವನ್ನು ಸೋಲಿಸಲು ಕಲಿತಿರುತ್ತದೆ, ಅದರ ಮರಿಗಳಿಗೂ ಆ ಶಕ್ತಿ ಬರುತ್ತದೆ. ಬೇರೆಯಾದರೂ ನಂಟಿದೆ. ವಾಸಿಯಾಗದ ಬಯೋಫಿಲ್ಮಿಗೆ ಮತ್ತೆ ಮತ್ತೆ ಕೋರ್ಸ್ ಕೊಡುತ್ತಾ ಹೋದರೆ, ದೇಹದಲ್ಲಿರುವ ಇತರ ಬ್ಯಾಕ್ಟೀರಿಯಾಗಳೂ ಆ ಔಷಧ ನೋಡುತ್ತವೆ. ಒತ್ತೊತ್ತಾಗಿ ಕೂತ ಬ್ಯಾಕ್ಟೀರಿಯಾಗಳ ನಡುವೆ ಪ್ರತಿರೋಧದ ಜೀನುಗಳು ಕೈಬದಲಾಗುವುದೂ ಸುಲಭ. ಇವತ್ತಿನ ಎಸ್ ಮುಂದೊಂದು ದಿನ ಆರ್ ಆಗುತ್ತದೆ.

ಆಸ್ಪತ್ರೆಯಲ್ಲಿ ನಾನು ಅತಿ ಹೆಚ್ಚು ನೋಡುವುದು ಮೂತ್ರದ ಕೊಳವೆಯ ಬಯೋಫಿಲ್ಮ್. ಕ್ಯಾಥೆಟರ್ ಹಾಕಿದ ಮೇಲೆ ದಿನಕ್ಕೆ 3ರಿಂದ 7 ಶೇಕಡದಷ್ಟು ರೋಗಿಗಳ ಮೂತ್ರದಲ್ಲಿ ಹೊಸದಾಗಿ ಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತವೆ. ತಿಂಗಳು ಕಳೆದರೆ ಹೆಚ್ಚು ಕಮ್ಮಿ ಎಲ್ಲರಲ್ಲೂ ಇರುತ್ತವೆ. ಎಷ್ಟೇ ಶುದ್ಧವಾಗಿ ಹಾಕಿದರೂ ಇದು ತಪ್ಪುವುದಿಲ್ಲ, ತಡವಾಗಬಹುದು ಅಷ್ಟೇ.

ಅದರಲ್ಲೂ ಪ್ರೋಟಿಯಸ್ ಮಿರಾಬಿಲಿಸ್ ಅನ್ನುವ ಬ್ಯಾಕ್ಟೀರಿಯಾ ಬಂದರೆ ಕಥೆಯೇ ಬೇರೆ. ಅದರ ಹತ್ತಿರ ಯೂರಿಯೇಸ್ ಅನ್ನುವ ಕಿಣ್ವ ಇದೆ. ಮೂತ್ರದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗುತ್ತದೆ. ಆಗ ಮೂತ್ರದಲ್ಲಿ ಕರಗಿದ್ದ ಮೆಗ್ನೀಸಿಯಂ, ಕ್ಯಾಲ್ಸಿಯಂ, ಫಾಸ್ಫೇಟ್ ಹರಳುಗಟ್ಟಿ ಲೋಳೆಯೊಳಗೆ ಕೂರುತ್ತವೆ. ಕಟ್ಟಿಕೊಂಡ ಇಂಥ ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಬೇಕು. ತುದಿಯಲ್ಲಿ ಮೂತ್ರ ಒಳಬರುವ ಪುಟ್ಟ ಕಿಂಡಿ ಇರುತ್ತದಲ್ಲ, ಅದರ ಸುತ್ತಲೇ ಮೊದಲು ಕಟ್ಟುತ್ತದೆ. ಬೂದು ಬಿಳಿ ಬಣ್ಣ. ಉಗುರಿನಿಂದ ಕೆರೆದರೆ ಮೇಲೆ ಜಾರು, ಕೆಳಗೆ ಮರಳಿನಂತೆ ಗರಗರ. ನಡುವಿನ ದಾರಿ ಸೂಜಿ ತೂರುವಷ್ಟೂ ಉಳಿದಿರುವುದಿಲ್ಲ. ಮೂತ್ರ ಹಿಂದಕ್ಕೆ ಒತ್ತುತ್ತದೆ, ಹೊಟ್ಟೆ ಉಬ್ಬುತ್ತದೆ, ಸೋಂಕು ಕಿಡ್ನಿಗೆ ಏರಬಹುದು. ಇಲ್ಲಿ ಔಷಧ ಬರೆಯುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಆ ಕೊಳವೆಯನ್ನು ತೆಗೆಯುವುದು.

ಹಾಗಾಗಿ ನಿಮ್ಮವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ ದಿನಾ ಬೆಳಿಗ್ಗೆ ಒಂದು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಈ ಪೈಪ್ ಇವತ್ತೂ ಬೇಕಾ?’ ಹೀಗೆ ಕೇಳುವುದು ಅಧಿಕಪ್ರಸಂಗ ಅಲ್ಲ. ರಕ್ತನಾಳದ ಕೊಳವೆಗಳಿಗೂ ಇದೇ ಪ್ರಶ್ನೆ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಬಹಳ ಸರಳವಾದ ಐದು ನಿಯಮ ಪಾಲಿಸಿದರು. ಕೈ ತೊಳೆಯುವುದು, ಹಾಕುವಾಗ ರೋಗಿಗೆ ಪೂರ್ತಿ ಹೊದಿಕೆ, ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕದಿಂದ ಚರ್ಮ ಒರೆಸುವುದು, ಸಾಧ್ಯವಾದರೆ ತೊಡೆಸಂದಿಯ ನಾಳ ಬಿಡುವುದು, ಬೇಡವಾದ ಕೊಳವೆ ಕೂಡಲೇ ತೆಗೆಯುವುದು. 2006ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಕೊಳವೆಯಿಂದ ಬರುವ ರಕ್ತದ ಸೋಂಕು ಅರ್ಧಕ್ಕೂ ಹೆಚ್ಚು ಐಸಿಯುಗಳಲ್ಲಿ ಸೊನ್ನೆಗೆ ಇಳಿದಿತ್ತು. ಹೊಸ ಔಷಧ ಒಂದೂ ಇಲ್ಲದೆ! ಈ ಕೆಲಸದ ಬಗ್ಗೆ ಓದಿದಾಗಲೆಲ್ಲ ನನಗೆ ಬಹಳ ಧೈರ್ಯ ಬರುತ್ತದೆ. ಬಯೋಫಿಲ್ಮ್ ಕಟ್ಟಿದ ಮೇಲೆ ಗೆಲ್ಲುವುದು ಕಷ್ಟ. ಕಟ್ಟದ ಹಾಗೆ ನೋಡಿಕೊಳ್ಳುವುದು ಯಾವ ಆಸ್ಪತ್ರೆಯಲ್ಲಾದರೂ ಸಾಧ್ಯ.

ಮಂಡಿ ಚಿಪ್ಪು ಬದಲಾಯಿಸಿಕೊಳ್ಳುವವರು ಈಗ ನಮ್ಮಲ್ಲೂ ಜಾಸ್ತಿಯಾಗಿದ್ದಾರೆ. ಅಂಥ ಕೀಲುಗಳಲ್ಲಿ 100ಕ್ಕೆ ಒಂದೋ ಎರಡೋ ಸೋಂಕಾಗುತ್ತವೆ. ಕಡಿಮೆ ಅನ್ನಿಸಬಹುದು, ಆದರೆ ಆದವರ ಪಾಡು ಬಹಳ ಕಷ್ಟ. ದೇಹದೊಳಗೆ ಹೊರಗಿನ ವಸ್ತು ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ 1957ರಲ್ಲಿ ಎಲೆಕ್ ಮತ್ತು ಕೋನೆನ್ ತೋರಿಸಿದ್ದರು. ಸ್ವಯಂಸೇವಕರ ಚರ್ಮದಡಿ ಸ್ಟ್ಯಾಫಿಲೋಕಾಕಸ್ ಚುಚ್ಚಿದರೆ ಕೀವಾಗಲು 10 ಲಕ್ಷಕ್ಕೂ ಜಾಸ್ತಿ ಬ್ಯಾಕ್ಟೀರಿಯಾ ಬೇಕಾಗುತ್ತಿತ್ತು. ಒಂದು ರೇಷ್ಮೆ ಹೊಲಿಗೆ ದಾರ ಜೊತೆಗಿದ್ದರೆ ಕೆಲವು ನೂರು ಸಾಕಾಗುತ್ತಿತ್ತು. ಒಂದೇ ಒಂದು ದಾರ!

ಕೀಲಿನ ಸೋಂಕು ಬೇಗ ಗೊತ್ತಾದರೆ ಕೀಲನ್ನು ಉಳಿಸಿಕೊಳ್ಳಬಹುದು. ತೆರೆದು ಚೆನ್ನಾಗಿ ತೊಳೆದು, ಸತ್ತ ಭಾಗ ತೆಗೆದು, ಆಮೇಲೆ ರಿಫಾಂಪಿಸಿನ್ ಸೇರಿಸಿ ಔಷಧ ಕೊಡುತ್ತಾರೆ. ರಿಫಾಂಪಿಸಿನ್ ಅಂದರೆ ನಮಗೆ ಗೊತ್ತಿರುವ ಟಿಬಿ ಔಷಧ, ಮೂತ್ರ ಕೆಂಪಾಗಿಸುವ ಮಾತ್ರೆ. ನಿಧಾನವಾಗಿ ಬೆಳೆಯುವ ಸ್ಟ್ಯಾಫಿಲೋಕಾಕಸ್ ಮೇಲೂ ಅದು ಕೆಲಸ ಮಾಡುತ್ತದೆ. 1998ರಲ್ಲಿ ಸ್ವಿಟ್ಜರ್‌ಲೆಂಡಿನ ತಂಡವೊಂದು ಲೋಹ ಒಳಗಿದ್ದು ಸೋಂಕಾದವರಲ್ಲಿ ಇದನ್ನು ಪರೀಕ್ಷಿಸಿತು. ಚಿಕಿತ್ಸೆ ಪೂರ್ತಿ ಮಾಡಿದವರಲ್ಲಿ ರಿಫಾಂಪಿಸಿನ್ ಸೇರಿಸಿದ 12 ಜನರಲ್ಲಿ 12 ಜನವೂ ವಾಸಿಯಾದರು, ಸೇರಿಸದ 12 ಜನರಲ್ಲಿ 7 ಜನ ಮಾತ್ರ. ಆದರೆ ರಿಫಾಂಪಿಸಿನ್ ಒಂದನ್ನೇ ಕೊಡುವ ಹಾಗಿಲ್ಲ. ಕೊಟ್ಟರೆ ಬ್ಯಾಕ್ಟೀರಿಯಾ ಬೇಗ ಪ್ರತಿರೋಧ ಬೆಳೆಸಿಕೊಳ್ಳುತ್ತದೆ. ಟಿಬಿ ಇರುವ ನಮ್ಮ ದೇಶದಲ್ಲಿ ಈ ಔಷಧವನ್ನು ಇನ್ನಷ್ಟು ಜೋಪಾನವಾಗಿ ಬಳಸಬೇಕು. ಸೋಂಕು ಹಳೆಯದಾಗಿದ್ದರೆ ಕೀಲನ್ನೇ ತೆಗೆಯಬೇಕಾಗುತ್ತದೆ. ತೆಗೆದ ಕೀಲನ್ನು ದ್ರವದಲ್ಲಿಟ್ಟು ಶಬ್ದದ ಅಲೆಗಳಿಂದ ನಡುಗಿಸಿ, ಉದುರಿದ್ದನ್ನು ಬೆಳೆಸಿದರೆ ಮಾಮೂಲಿ ವಿಧಾನಕ್ಕಿಂತ ಜಾಸ್ತಿ ಜನರಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ. 2007ರ ಒಂದು ಅಧ್ಯಯನದಲ್ಲಿ ಮಾಮೂಲಿ ವಿಧಾನದಿಂದ ಶೇ. 61ರಷ್ಟು, ಹೀಗೆ ಉದುರಿಸಿದಾಗ ಶೇ. 79ರಷ್ಟು ಸೋಂಕು ಪತ್ತೆಯಾಗಿತ್ತು.

ಇನ್ನು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು. ಇದು ಬಹುಶಃ ಈ ಸಭೆಯಲ್ಲಿ ಬಹಳ ಮನೆಗಳ ವಿಷಯ. 2008ರಲ್ಲಿ ಅಮೆರಿಕದಲ್ಲಿ ಬೇಗ ಮಾಯದ 50 ಹುಣ್ಣುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ 30ರಲ್ಲಿ ಬಯೋಫಿಲ್ಮ್ ಇತ್ತು. ಹೊಸ ಗಾಯಗಳು 16, ಅದರಲ್ಲಿ ಒಂದೇ ಒಂದರಲ್ಲಿ ಇತ್ತು. ಹುಣ್ಣನ್ನು ಕೆರೆದು ಸ್ವಚ್ಛ ಮಾಡುವಾಗ ಮನೆಯವರಿಗೆ ಸಂಕಟವಾಗುತ್ತದೆ. ‘ವಾರ ವಾರ ಕೊಯ್ತಾರಲ್ಲ, ಮಾತ್ರೆ ಕೊಡಬಾರದಾ?’ ಅಂತ ಕೇಳುತ್ತಾರೆ. ಲೋಳೆ ಇರುವ ಹುಣ್ಣಿನ ಮೇಲೆ ಬರೀ ಪೌಡರ್ ಉದುರಿಸುವುದು ಜಿಡ್ಡಿನ ಬಾಣಲೆಯನ್ನು ಉಜ್ಜದೆ ಸೋಪಿನ ನೀರಲ್ಲಿ ಅದ್ದಿ ತೆಗೆದ ಹಾಗೆ. ಕೆರೆದು ತೆಗೆದರೂ ಉಳಿದ ಬ್ಯಾಕ್ಟೀರಿಯಾ ಎರಡು ಮೂರು ದಿನದಲ್ಲಿ ಮತ್ತೆ ಬಲಿತ ಪದರ ಕಟ್ಟಬಲ್ಲದು. ಕೆರೆದ ಮೊದಲ ದಿನ ಅದು ಎಳೆಯದಾಗಿರುತ್ತದೆ, ಔಷಧಕ್ಕೆ ಬಗ್ಗುತ್ತದೆ. ಆದ್ದರಿಂದಲೇ ಡಾಕ್ಟರು ಮತ್ತೆ ಮತ್ತೆ ಸ್ವಚ್ಛ ಮಾಡುತ್ತಾರೆ, ಕೂಡಲೇ ಡ್ರೆಸಿಂಗ್ ಮಾಡುತ್ತಾರೆ. ದಯವಿಟ್ಟು ಆ ತಾರೀಖುಗಳನ್ನು ತಪ್ಪಿಸಬೇಡಿ. ಜೊತೆಗೆ ಸಕ್ಕರೆ ಹಿಡಿತದಲ್ಲಿರಬೇಕು, ಹುಣ್ಣಿನ ಮೇಲೆ ದೇಹದ ಭಾರ ಬೀಳಬಾರದು, ಕಾಲಿಗೆ ರಕ್ತ ಸರಿಯಾಗಿ ಹರಿಯಬೇಕು.

ಹೊರಗಿನ ವಸ್ತು ಇಲ್ಲದ ಕಡೆಯೂ ಬಯೋಫಿಲ್ಮ್ ಇದೆ ಅಂದೆನಲ್ಲ, ಇನ್ನೂ ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮರಳಿ ಮರಳಿ ಕಿವಿ ಸೋರುವ, ನೋವು ಬರುವ ಮಕ್ಕಳು. 2006ರಲ್ಲಿ ಕಿವಿಗೆ ಟ್ಯೂಬ್ ಹಾಕಿಸಿಕೊಳ್ಳಲು ಬಂದ 26 ಮಕ್ಕಳ ಮಧ್ಯಕಿವಿಯ ಒಳಪೊರೆಯ 50 ಮಾದರಿ ನೋಡಿದಾಗ 46ರಲ್ಲಿ ಬಯೋಫಿಲ್ಮ್ ಇತ್ತು. ರುಮ್ಯಾಟಿಕ್ ಕಾಯಿಲೆಯಿಂದ ಹಾಳಾದ ಹೃದಯದ ಕವಾಟದ ಮೇಲೆ ಬಾಯಿಯ ಬ್ಯಾಕ್ಟೀರಿಯಾ ಹೋಗಿ ಕೂತರೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಔಷಧ ಕೊಡಬೇಕು. ಹಲ್ಲು ವಸಡು ಚೆನ್ನಾಗಿಟ್ಟುಕೊಳ್ಳಿ ಅಂತ ಹೃದಯದ ಡಾಕ್ಟರು ಹೇಳುವುದು ಅದಕ್ಕೇ.

ಟೈಫಾಯಿಡ್ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಟೈಫಾಯಿಡ್ ಬಂದು ವಾಸಿಯಾದವರಲ್ಲಿ ಕೆಲವರು ಜ್ವರವೇ ಇಲ್ಲದೆ ವರ್ಷಗಟ್ಟಲೆ ಮಲದಲ್ಲಿ ಬ್ಯಾಕ್ಟೀರಿಯಾ ಹೊರಹಾಕುತ್ತಾರೆ. ಇಂಥವರಲ್ಲಿ ಬಹಳ ಜನರಿಗೆ ಪಿತ್ತಕೋಶದಲ್ಲಿ ಕಲ್ಲು ಇರುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೆಕ್ಸಿಕೋದಲ್ಲಿ ಪಿತ್ತದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡವರಲ್ಲಿ ಸುಮಾರು ಶೇ. 5 ಜನ ಸದ್ದಿಲ್ಲದೆ ಟೈಫಾಯಿಡ್ ಬ್ಯಾಕ್ಟೀರಿಯಾ ಹೊತ್ತಿದ್ದರು. ಆ ಕಲ್ಲುಗಳ ಮೇಲೆ ಬಯೋಫಿಲ್ಮ್ ಕಂಡಿತು. ಔಷಧದಿಂದ ಸರಿಹೋಗದ ಇಂಥವರಿಗೆ ಪಿತ್ತಕೋಶವನ್ನೇ ತೆಗೆಯುವ ಪದ್ಧತಿ ಹಿಂದಿನಿಂದ ಇತ್ತು. ಅದು ಯಾಕೆ ಕೆಲಸ ಮಾಡುತ್ತಿತ್ತು ಅಂತ ಈಗ ಅರ್ಥವಾಗುತ್ತದೆ.

ಅಂಟಿಕೊಳ್ಳುವ ಈ ಸ್ವಭಾವವನ್ನು ನಮ್ಮ ಅನುಕೂಲಕ್ಕೂ ಬಳಸಬಹುದು. ನನಗೆ ಬಹಳ ಇಷ್ಟವಾದ ಕೆಲಸ ಬಾಂಗ್ಲಾದೇಶದ್ದು. ಕಾಲರಾ ಬ್ಯಾಕ್ಟೀರಿಯಾ ಬಹಳ ಸಣ್ಣದು, ಬಟ್ಟೆಯಲ್ಲಿ ಸೋಸಿದರೆ ನಿಲ್ಲುವುದಿಲ್ಲ. ಆದರೆ ಕೆರೆ ನೀರಿನಲ್ಲಿ ಅದು ಕಣ್ಣಿಗೆ ಕಾಣದಷ್ಟು ಪುಟ್ಟ ಜಲಜೀವಿಗಳ ಮೈಗೆ ಗುಂಪಾಗಿ ಅಂಟಿಕೊಂಡಿರುತ್ತದೆ. ಆ ಜಲಜೀವಿಗಳು ಬಟ್ಟೆಯಲ್ಲಿ ನಿಲ್ಲುತ್ತವೆ. ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಢಾಕಾದ ವಿಜ್ಞಾನಿಗಳು ಅಧ್ಯಯನಕ್ಕೆ ಆರಿಸಿದ 65 ಹಳ್ಳಿಗಳಲ್ಲಿ ಕೆಲವು ಹಳ್ಳಿಗಳ ಹೆಣ್ಣುಮಕ್ಕಳಿಗೆ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸುವುದನ್ನು ಕಲಿಸಿದರು. 2003ರ ವರದಿಯ ಪ್ರಕಾರ ಕಾಲರಾ ಶೇ. 48ರಷ್ಟು ಕಡಿಮೆಯಾಯಿತು. ಹಳೆಯ ಸೀರೆಯೇ ಬೇಕು, ಯಾಕಂದರೆ ಒಗೆದು ಒಗೆದು ಅದರ ನೂಲು ಅರಳಿ ರಂಧ್ರ ಸಣ್ಣದಾಗಿರುತ್ತದೆ. ಬ್ಯಾಕ್ಟೀರಿಯಾ ಒಂಟಿಯಾಗಿ ತೇಲುತ್ತದೆ ಅಂತಲೇ ನಂಬಿದ್ದರೆ ಈ ಉಪಾಯ ಯಾರಿಗೂ ಹೊಳೆಯುತ್ತಿರಲಿಲ್ಲ.

ಪ್ರಶ್ನೆಗಳಿಗೆ ಬರೋಣ.

ಮೌತ್‌ವಾಶ್ ಬಳಸಿದರೆ ಬ್ರಷ್ ಬಿಡಬಹುದಾ ಅಂತ ಒಬ್ಬ ಹುಡುಗಿ ಕೇಳಿದಳು. ಬೇಡಮ್ಮ. ಲೀವೆನ್‌ಹೋಕ್‌ನ ವಿನೆಗರ್ ನೆನಪಿದೆಯಲ್ಲ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಅವರು ಆರೋಗ್ಯವಂತ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿಕೊಂಡಿತು. ಮತ್ತೆ ಉಜ್ಜಲು ಶುರು ಮಾಡಿದ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಯಾವ ಔಷಧವೂ ಇಲ್ಲದೆ, ಬರೀ ಉಜ್ಜಿದ್ದಕ್ಕೆ. ಉಜ್ಜದೆ ಬಿಟ್ಟ ಪದರಕ್ಕೆ ಜೊಲ್ಲಿನ ಕ್ಯಾಲ್ಸಿಯಂ ಸೇರಿ ಗಟ್ಟಿಯಾದರೆ ಅದೇ ಹಲ್ಲಿನ ಪಾಚಿ. ಅದನ್ನು ದಂತವೈದ್ಯರೇ ತೆಗೆಯಬೇಕು.

ಸಂಪಿನ ಲೋಳೆಗೆ ಬ್ಲೀಚಿಂಗ್ ಪೌಡರ್ ಸಾಕಾ? ಮೊದಲು ನೀರು ಖಾಲಿ ಮಾಡಿ ಗೋಡೆ ಉಜ್ಜಿ, ಆಮೇಲೆ ಪೌಡರ್. ಲೋಳೆ ಹಾಗೇ ಇದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿ ಹೋಗುತ್ತದೆ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವ ತರುಣರೊಬ್ಬರಿಗೆ ಹೇಳಿದ್ದು: ಲೆನ್ಸ್ ಡಬ್ಬಿಗೆ ನಲ್ಲಿ ನೀರು ತಾಗಿಸಬೇಡಿ. ದಿನಾ ಹಳೆಯ ದ್ರಾವಣ ಚೆಲ್ಲಿ, ಹೊಸ ದ್ರಾವಣದಿಂದ ಉಜ್ಜಿ ತೊಳೆದು, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಿ.

ಇಂಟರ್‌ನೆಟ್ಟಿನಲ್ಲಿ ಬಯೋಫಿಲ್ಮ್ ಕರಗಿಸುವ ಮಾತ್ರೆ ಮಾರುತ್ತಾರಲ್ಲ ಅಂತ ಇನ್ನೊಬ್ಬರು. ನುಂಗಿದರೆ ದೇಹದೊಳಗಿನ ಬಯೋಫಿಲ್ಮ್ ಕರಗಿಸುವ ಮಾತ್ರೆ ನಮ್ಮ ಆಸ್ಪತ್ರೆಗಳಲ್ಲಿ ಇಲ್ಲ. ಲೋಳೆ ಒಡೆಯುವ ಕಿಣ್ವಗಳು, ಬ್ಯಾಕ್ಟೀರಿಯಾ ತಿನ್ನುವ ವೈರಸ್‌ಗಳು, ಅಂಟದ ಹಾಗೆ ಲೇಪಿಸಿದ ಕೊಳವೆಗಳು ಇವುಗಳ ಮೇಲೆ ಒಳ್ಳೆಯ ಸಂಶೋಧನೆ ನಡೆಯುತ್ತಿದೆ. ಅವು ಗೆಲ್ಲಲಿ ಅಂತ ನನ್ನ ಆಸೆ. ಜಾಹೀರಾತು ನೋಡಿ ದುಡ್ಡು ಸುರಿಯಬೇಡಿ.

ಕೊನೆಗೆ ಹಿರಿಯರೊಬ್ಬರು ಎದ್ದು ನಿಂತರು. ಮನೆಯಲ್ಲಿ ಅವರ ಹೆಂಡತಿ ಪಾರ್ಶ್ವವಾಯುವಿನಿಂದ ಮಲಗಿದ್ದಾರೆ, ಮೂತ್ರದ ಪೈಪ್ ಇದೆ. ‘ಪ್ರತಿ ತಿಂಗಳೂ ಮೂತ್ರ ಟೆಸ್ಟ್ ಮಾಡಿಸ್ತೀನಮ್ಮ, ಪ್ರತಿ ಸಲವೂ ಬ್ಯಾಕ್ಟೀರಿಯಾ ಇದೆ ಅಂತಾರೆ, ಔಷಧ ಕೊಡಿಸ್ತೀನಿ. ಮತ್ತೆ ಬರ್ತದೆ.’

ಯಜಮಾನರೇ, ಪೈಪ್ ಇರುವವರೆಗೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅಮ್ಮನಿಗೆ ಜ್ವರ, ಚಳಿ, ಹೊಟ್ಟೆ ಕೆಳಗೆ ನೋವು, ಇದ್ದಕ್ಕಿದ್ದಂತೆ ಮಂಕು ಇಂಥದ್ದು ಇಲ್ಲದಿದ್ದರೆ ತಿಂಗಳ ಟೆಸ್ಟ್ ಬೇಡ. ಬರೀ ರಿಪೋರ್ಟ್ ನೋಡಿ ಔಷಧವೂ ಬೇಡ. ಹಾಗೆ ಕೊಡುತ್ತಾ ಹೋದರೆ ನಿಜವಾಗಿ ಬೇಕಾದ ದಿನ ಔಷಧ ಉಳಿದಿರುವುದಿಲ್ಲ. ಮೂತ್ರದ ಚೀಲ ಸದಾ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪೈಪ್ ಮತ್ತು ಚೀಲದ ಜೋಡಣೆಯನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ. ಮೂತ್ರ ಬರುವುದು ಕಮ್ಮಿಯಾದರೆ, ಚೀಲದಲ್ಲಿ ಮರಳಿನಂಥದ್ದು ಕಂಡರೆ ಕೂಡಲೇ ತೋರಿಸಿ. ಜ್ವರ ಬಂದೇ ಬಂದರೆ, ಪೈಪ್ ಹಾಕಿ ಎರಡು ವಾರಕ್ಕಿಂತ ಜಾಸ್ತಿಯಾಗಿದ್ದರೆ ಮೊದಲು ಅದನ್ನು ತೆಗೆಸಿ. ಇನ್ನೂ ಬೇಕೇ ಬೇಕು ಅಂದರೆ ಹೊಸದು ಹಾಕಿಸಿ, ಆ ಹೊಸ ಪೈಪಿನಿಂದ ಬಂದ ಮೂತ್ರವನ್ನು ಪರೀಕ್ಷೆಗೆ ಕಳಿಸಿ. ಹಳೆಯ ಪೈಪಿನಿಂದ ಹಿಡಿದ ಮೂತ್ರದಲ್ಲಿ ನಾವು ನೋಡುವುದು ಪೈಪಿನ ಗೋಡೆಯ ಬ್ಯಾಕ್ಟೀರಿಯಾವನ್ನು. ಹೊಸದರಿಂದ ಹಿಡಿದರೆ ಅಮ್ಮನ ಮೂತ್ರಕೋಶದಲ್ಲಿ ಏನಿದೆ ಅಂತ ಗೊತ್ತಾಗುತ್ತದೆ. ಅರ್ಜಿಯ ಮೇಲೆ ‘ಪೈಪ್ ಬದಲಿಸಿದ ಮೇಲೆ ಹಿಡಿದದ್ದು’ ಅಂತ ಬರೆಸಿ. ಲ್ಯಾಬಿನಲ್ಲಿ ಕೂತ ನಮ್ಮಂಥವರಿಗೆ ಆ ಒಂದು ಸಾಲಿನಿಂದ ಬಹಳ ಸಹಾಯವಾಗುತ್ತದೆ.